ಪುರಸತ್ತು ಯಾರ ಒಯ್ದಾರ?

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಮನೆಗೆ ಬಂದಾಗ ಅತ್ತೆ ಪಡಸಾಲೆಯ ಫರಸಿ ಮೇಲೆ ಖಡು ಹಿಡಿದು ಗೆರೆ ಎಳೀತಾ ಕೂತಿದ್ದರು. ಅಡ್ಡ 5, ಉದ್ದ 5, ಒಟ್ಟು 25 ಮನೆ. ಚೌಕಾಬಾರ. ದಿನಾ ಜೊತೆಗೆ ಆಡೋ ಪಕ್ಕದ ಮನೆ ಕಾಕು ಮಗಳ ಊರಿಗೆ ಹೋಗಿದ್ದರು.

"ಬಾರವ್ವಾ, ನನ್ ಸಂಗಾಟ ಒಂದ್ ಆಟ ಆಡು" ಅಂದರು.

"ಪುರಸತ್ತ ಇಲ್ರಿ ಅತ್ತೀ" ಅಂದೆ, ಇನ್ನೂ ಚಪ್ಪಲಿ ಬಿಡ್ತಾನೇ ಇದ್ದೆ.

ಅವರು ತಲೆ ಎತ್ತಲಿಲ್ಲ. ಗೆರೆ ಎಳೀತಾನೇ ಕೇಳಿದರು. "ಒಂದೂವರೀಗೇ ಆಫೀಸ್ ಬಿಡ್ತದಲ್ಲಾ. ಮತ್ತ ಪುರಸತ್ತ ಯಾರ ಒಯ್ದಾರ?"

ಆ ಮಾತಲ್ಲಿ ಕೊಂಕು ಇರಲಿಲ್ಲ. ಬೀಗದ ಕೈ ಕಾಣಿಸ್ತಿಲ್ಲ ಅಂದಾಗ ಕೇಳ್ತಾರಲ್ಲ, ಹಾಗೆ ಕೇಳಿದರು. ಅದಕ್ಕೇ ಇರಬೇಕು, ಅದು ನನ್ನೊಳಗೆ ಹಾಗೇ ಕೂತುಬಿಟ್ಟಿದೆ.

ಕಲಬುರಗಿ ಕಡೆ ಏಪ್ರಿಲ್, ಮೇ ಬಂದರೆ ಸರ್ಕಾರಿ ಆಫೀಸು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಬೆಂಗಳೂರಿನ ಗೆಳತಿಯರು ಪುಣ್ಯವಂತರು ನೀವು ಅಂತಾರೆ. ಅವರಿಗೆ ಇಲ್ಲಿನ ಬಿಸಿಲು ಗೊತ್ತಿಲ್ಲ. ಎರಡು ಗಂಟೆಗೆ ಸ್ಕೂಟಿ ಹ್ಯಾಂಡಲ್ ಮುಟ್ಟಿದರೆ ಅಂಗೈ ಚುರ್ ಅನ್ನುತ್ತೆ, ಸೂಪರ್ ಮಾರ್ಕೆಟ್ ಕಡೆ ಕೂಡ ಜನ ಇರಲ್ಲ, ನಾಯಿಗಳು ಸಹ ಗಟಾರದ ನೆರಳು ಹುಡುಕ್ತಾವೆ. 42, 43 ಡಿಗ್ರಿ ನಮಗೆ ಮಾಮೂಲು. ಇಂಥ ಹೊತ್ತಲ್ಲಿ ಮನುಷ್ಯರು ನೆರಳಲ್ಲಿ ಸುಮ್ನೆ ಕೂರಲಿ ಅಂತಾನೇ ಆ ಟೈಮ್ ಬದಲಾಗೋದು. ನಾನು ಕೂತೇ ಇರಲಿಲ್ಲ. ಒಂದು ದಿನ ಸಂಡಿಗೆ, ಒಂದು ದಿನ ವರ್ಷದ ಜೋಳ ಹಸನ ಮಾಡೋದು, ಮಗನ ರಜೆಯ ಹೋಂವರ್ಕು. ಇಷ್ಟರ ಮಧ್ಯೆ ಮೂರು ಗಂಟೆಗೆ ಆಫೀಸಿನ ಗ್ರೂಪಲ್ಲಿ "ಆ ಪಟ್ಟಿ ಸ್ವಲ್ಪ ಕಳಿಸಿ" ಅಂತ ಮೆಸೇಜು. ಕಳಿಸ್ತಿದ್ದೆ. ಯಾರೂ ಬಲವಂತ ಮಾಡಿರಲಿಲ್ಲ.

ಯಾರ ಒಯ್ದಾರ?

ನಮ್ಮ ಮನೆಯವರು ದಾಲ್ ಮಿಲ್ಲಲ್ಲಿ ಲೆಕ್ಕ ನೋಡ್ತಾರೆ. ಭಾನುವಾರ ಊಟ ಆದ ಮೇಲೆ ಫ್ಯಾನ್ ಕೆಳಗೆ ಅಡ್ಡಾಗಿಬಿಡ್ತಾರೆ. ಅವರನ್ನ ದೂರ್ತಿಲ್ಲ, ದಣಿದವರು ಮಲಗಬೇಕು. ಆದರೆ "ಎಲ್ಲಾ ಕೆಲಸ ಮುಗೀತಾ?" ಅಂತ ಅವರನ್ನ ಯಾರೂ ಕೇಳಲ್ಲ, ಅವರೂ ತಮ್ಮನ್ನ ತಾವು ಕೇಳ್ಕೊಳ್ಳಲ್ಲ. ನಾನು ಕೇಳ್ಕೋತೀನಿ. ನನ್ನ ಅವ್ವನೂ ಕೇಳ್ಕೋತಿದ್ದಳು. ಮನೆಗೆಲಸ ಯಾವತ್ತು ಮುಗಿದಿದೆ ಹೇಳಿ? ಅವ್ವ ಮಧ್ಯಾಹ್ನ ಮಲಗಿದ್ದನ್ನ ನಾನು ನೋಡಿದ್ದು ಜ್ವರ ಬಂದಾಗ ಮಾತ್ರ. ಆಫೀಸಲ್ಲಿ ಒಬ್ಬ ಹಿರಿಯರಿದ್ದಾರೆ, ಸಿಎಲ್ ಕೂಡ ಹಾಕಲ್ಲ. ಎಲ್ಲರೂ ಹೊಗಳ್ತಾರೆ. ನನಗೆ ಅವರನ್ನ ನೋಡಿದರೆ ಸಂಕಟ ಆಗುತ್ತೆ.

ಅವರ ಟೇಬಲ್ ಹಿಂದಿನ ಗೋಡೆ ಮೇಲೆ ಕಾಯಕವೇ ಕೈಲಾಸ ಅಂತ ಬರೆದಿದೆ. ಆಯ್ದಕ್ಕಿ ಮಾರಯ್ಯನ ಮಾತದು. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ, ಅಂದರೆ ನಮ್ಮ ಪಕ್ಕದ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡ್ತಿದ್ದ ಶರಣ. ಒಂದು ದಿನ ಅವನು ದಿನಕ್ಕಿಂತ ಜಾಸ್ತಿ ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಬೈದು, ಹೆಚ್ಚಿನದ್ದನ್ನ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಇವತ್ತಿಗೆ ಇಷ್ಟು ಸಾಕು ಅಂದವಳು ಅವಳು. ಗಂಡನ ಮಾತು ಗೋಡೆ ಹತ್ತಿತು. ಹೆಂಡತಿಯ ಮಾತನ್ನ ಯಾವ ಆಫೀಸಲ್ಲೂ ನಾನು ನೋಡಿಲ್ಲ.

ಬುಧವಾರಕ್ಕೆ ಬರ್ತೀನಿ. ಕೈಕಾಲು ತೊಳೆದು, ಫೋನ್ ಒಳಗಿಟ್ಟು ಕೂತೆ. ಶಹಾಬಾದ್ ಕಲ್ಲಿನ ತಂಪು ಮೊದಲು ಪಾದಕ್ಕೆ, ಆಮೇಲೆ ಮೊಣಕಾಲಿಗೆ ಹತ್ತಿತು. ಅತ್ತೆ ಕವಡೆ ಬಳಸಲ್ಲ. ಹುಣಸೆ ಬೀಜನ ಕಲ್ಲಿಗೆ ಉಜ್ಜಿ ಉಜ್ಜಿ ಅರ್ಧ ಮಾಡಿದ್ದಾರೆ, ಒಂದು ಮಗ್ಗಲು ಬಿಳಿ, ಒಂದು ಮಗ್ಗಲು ಕಪ್ಪು. ಅಂಥವು 4. ಎಲ್ಲಾ ಬಿಳಿ ಬಿದ್ದರೆ 4, ಎಲ್ಲಾ ಕಪ್ಪು ಬಿದ್ದರೆ 8. ಆಗ ಇನ್ನೊಮ್ಮೆ ಹಾಕಬಹುದು. ಕಾಯಿಗೆ ಅವರದು ಹಸಿರು ಬಳೆ ಚೂರು, ನನ್ನದು ತೊಗರಿ ಕಾಳು. ಎದುರಿನವರ ಒಂದಾದರೂ ಕಾಯಿ ಕಡಿಯದೆ ಒಳಗಿನ ಮನೆಗೆ ಹೋಗೋ ಹಾಗಿಲ್ಲ. ಅತ್ತೆ ಎರಡೇ ಸುತ್ತಲ್ಲಿ ನನ್ನ ಕಾಯಿ ಕಡಿದರು. ಮೊಣಕಾಲು ನೋವು ಅಂತ ದಿನವಿಡೀ ನರಳೋ ಹೆಂಗಸು ಕೂತಲ್ಲೇ ಎದ್ದುಬಿಟ್ಟು ಚಪ್ಪಾಳೆ ಹೊಡೆದರು! ಮದುವೆಯಾಗಿ 14 ವರ್ಷ ಆಯ್ತು, ಅವರ ಆ ಮುಖ ನಾನು ನೋಡೇ ಇರಲಿಲ್ಲ. ಅದನ್ನ ನೆನೆಸಿಕೊಂಡಾಗೆಲ್ಲ ಗಂಟಲು ಕಟ್ಟುತ್ತೆ. ಇಷ್ಟು ವರ್ಷ ಆ ಕಾಕು ದಿನಾ ನೋಡ್ತಿದ್ದ ಮುಖ ಅದು.

ಮೊದಲ ದಿನ ನನಗೆ ನೆಮ್ಮದಿ ಇರಲಿಲ್ಲ. ಏನೋ ಬಾಕಿ ಇದೆ ಅಂತ ಮನಸ್ಸು ಎಳೀತಾನೇ ಇತ್ತು. ಗುರುವಾರ ಸ್ವಲ್ಪ ಕಡಿಮೆ. ಶುಕ್ರವಾರ ಮಗನೂ ಬಂದು ಕೂತ.

ನಿನ್ನೆ ನನ್ನ ಮೂರು ಕಾಯಿ ಹಣ್ಣಾಗಿದ್ದವು. ಒಂದೇ ಉಳಿದಿತ್ತು, ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂತು. ನಾನು ಕೊಡ ಹಿಡ್ಕೊಂಡು ಓಡಿದೆ. ತಿರುಗಿ ಬಂದಾಗ ಅತ್ತೆ ನೆಲ ಒರೆಸೋಳಿಗೆ ಹೇಳ್ತಿದ್ದರು. "ಆ ಮೂಲಿ ಬಿಟ್ಟು ಒರಸವ್ವ. ನಮ್ ಸೊಸಿ ಕಾಯಿ ಅಲ್ಲೇ ಅದ."