ಕಹಿ ಬಿಲ್ವದ ಊರಿನಲ್ಲಿ ಕೊನೆಯ ದೊರೆಯ ಜಾಡು

ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿ, ಸುರಬಾಯದ ಗುಬೆಂಗ್ ನಿಲ್ದಾಣದಿಂದ ಮೊಜೊಕೆರ್ತೊಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿಂದ ನೈರುತ್ಯಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ತ್ರೊವುಲಾನ್. ಮಜಪಾಹಿತ್ ಎಂಬ ಹಿಂದೂ-ಬೌದ್ಧ ಸಾಮ್ರಾಜ್ಯದ ರಾಜಧಾನಿ ಇದ್ದದ್ದು ಇಲ್ಲೇ. ಜಾವಾ ಭಾಷೆಯಲ್ಲಿ ಮಜ ಎಂದರೆ ಬಿಲ್ವ, ಪಾಹಿತ್ ಎಂದರೆ ಕಹಿ. ಶಾಸನಗಳಲ್ಲಿ ಊರಿನ ಹೆಸರು ವಿಲ್ವತಿಕ್ತ, ನಮಗೆ ಅನುವಾದವೇ ಬೇಡ.

ಬಾಡಿಗೆ ಬೈಕನ್ನು ಇಡೀ ದಿನಕ್ಕೆ ಮಾತಾಡಿಕೊಳ್ಳಿ. ಸ್ಮಾರಕಗಳು ಗದ್ದೆಗಳ ನಡುವೆ ಚದುರಿವೆ. ಒಂದು ಕಡೆ ಇಳಿದು ಗಾಡಿ ಕಳಿಸಿಬಿಟ್ಟರೆ ಮುಂದಿನದಕ್ಕೆ ಬಿಸಿಲಲ್ಲಿ ನಡೆಯುವುದೇ ಗತಿ. ಸೋಮವಾರ ಬೇಡ, ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಅಂದು ರಜೆ.

ಅರಮನೆ ಹುಡುಕಬೇಡಿ. ಕಂಬ, ಸೂರು ಮರದ್ದಾದ್ದರಿಂದ ಕೊಳೆತುಹೋಗಿವೆ, ಉಳಿದದ್ದು ಇಟ್ಟಿಗೆ. ಅದನ್ನೂ ಊರವರು ತಲೆಮಾರುಗಳಿಂದ ಅಗೆದು, ಪುಡಿಮಾಡಿ, ಗಾರೆಗೆ ಬೆರೆಸಿದ್ದಾರೆ. ನಿಂತಿರುವುದರಲ್ಲಿ ಚೆಂದದ್ದು ಬಜಂಗ್ ರತು, 16.5 ಮೀಟರ್ ಎತ್ತರದ ದ್ವಾರ. ಅದರ ಹತ್ತಿರ ಹೋಗಿ ಇಟ್ಟಿಗೆಗಳ ಸಂದು ನೋಡಿ: ಗಾರೆ ಕಾಣುವುದಿಲ್ಲ. ಇಟ್ಟಿಗೆಗೆ ಇಟ್ಟಿಗೆ ತಿಕ್ಕಿ ಕೂರಿಸುತ್ತಿದ್ದರು. ಸಮೀಪದ ಚಂಡಿ ತಿಕುಸ್ ನೆಲಮಟ್ಟಕ್ಕಿಂತ ಕೆಳಗಿರುವ ಕೊಳ, ಮೆಟ್ಟಿಲು ಉತ್ತರಕ್ಕೆ ಮಾತ್ರ. ಇಲ್ಲಿ ಚಂಡಿ ಎಂದರೆ ದೇವಿಯಲ್ಲ, ಹಳೆಯ ಗುಡಿ ಅಥವಾ ಸ್ಮಾರಕ. ತಿಕುಸ್ ಎಂದರೆ ಇಲಿ. 1914ರಲ್ಲಿ ಇಲಿಗಳ ಬಿಲ ಅಗೆಯುವಾಗ ಸಿಕ್ಕಿದ್ದಕ್ಕೆ ಈ ಹೆಸರು.

ತ್ರೊಲೊಯೊ ಸ್ಮಶಾನವನ್ನು ಬಿಡಬೇಡಿ. ಇಲ್ಲಿನ ಹಳೆಯ ಮುಸ್ಲಿಂ ಗೋರಿಕಲ್ಲುಗಳ ಒಂದು ಮುಖದಲ್ಲಿ ಅರಬಿ ಬರಹ, ಇನ್ನೊಂದರಲ್ಲಿ ಜಾವಾ ಅಂಕಿಗಳಲ್ಲಿ ಶಕವರ್ಷ. ಒಂದು ಕಲ್ಲು ಶಕ 1298ರದು, ಅಂದರೆ 1376, ಹಯಂ ವುರುಕ್ ಆಳುತ್ತಿದ್ದ ಉಚ್ಛ್ರಾಯ ಕಾಲ. ‘ಇಸ್ಲಾಂ ಬಂತು, ಮಜಪಾಹಿತ್ ಬಿತ್ತು’ ಎನ್ನುವ ಮಾರ್ಗದರ್ಶಿಯ ಮಾತಿಗೆ ಈ ಕಲ್ಲೇ ಉತ್ತರ.

ಬಿರುಕು ಮನೆಯೊಳಗಿನದು. 1404ರಿಂದ 1406ರವರೆಗೆ ಪಶ್ಚಿಮದ ಅರಮನೆಗೂ ಪೂರ್ವದ ಅರಮನೆಗೂ ಪರೆಗ್ರೆಗ್ ಯುದ್ಧ ನಡೆಯಿತು. 1453ರಿಂದ ಮೂರು ವರ್ಷ ಸಿಂಹಾಸನದ ಮೇಲೆ ಯಾರೂ ಇರಲಿಲ್ಲ. ಕೊನೆಗೆ ಬಂದವನು ಗಿರೀಂದ್ರವರ್ಧನ ರಣವಿಜಯ. ಜಾವಾದ ಪರಂಪರೆ ಹೇಳುವುದು ‘ಸಿರ್ನ ಇಲಂಗ್ ಕೆರ್ತನಿಂಗ್ ಬುಮಿ’ ಎಂದು: ಅಳಿಯಿತು, ಕಾಣೆಯಾಯಿತು ಭೂಮಿಯ ಸಿರಿ. ಇದು ಪದಗಳಲ್ಲಿ ಅಂಕಿ ಹೇಳುವ ನಮ್ಮ ಭೂತಸಂಖ್ಯೆಯದೇ ಲೆಕ್ಕ. ಸಿರ್ನ 0, ಇಲಂಗ್ 0, ಕೆರ್ತ 4, ಬುಮಿ 1. ‘ಅಂಕಾನಾಂ ವಾಮತೋ ಗತಿಃ’ ಎಂದು ಹಿಂದಿನಿಂದ ಓದಿದರೆ ಶಕ 1400, ಅಂದರೆ 1478. ಎಡದಿಂದ ಓದಿ ಕಕ್ಕಾಬಿಕ್ಕಿಯಾಗುವವರೇ ಹೆಚ್ಚು.

ಆದರೆ ಶಕ 1408ರ, ಅಂದರೆ 1486ರ, ರಣವಿಜಯನ ಶಾಸನಗಳು ಬೇರೆಯೇ ಮಾತಾಡುತ್ತವೆ. ಅವನು ತನ್ನನ್ನು ವಿಲ್ವತಿಕ್ತ, ಜಂಗಲ, ಕದಿರಿಗಳ ಪ್ರಭು ಎಂದು ಕರೆದುಕೊಳ್ಳುತ್ತಾನೆ. ಮಜಪಾಹಿತದ ವಿರುದ್ಧದ ಯುದ್ಧದಲ್ಲಿ ನೆರವಾದ ಬ್ರಾಹ್ಮಣ ಬ್ರಹ್ಮರಾಜ ಗಂಗಾಧರನಿಗೆ ಭೂಮಿ ಕೊಡುತ್ತಾನೆ. ಗತಿಸಿದ ಅರಸನ ಹನ್ನೆರಡನೆಯ ವರ್ಷದ ಶ್ರಾದ್ಧ ಮಾಡಿಸುತ್ತಾನೆ, ಪದವೂ ಶ್ರಾದ್ಧವೇ. ಮಜಪಾಹಿತದ ಮೇಲೆ ಕತ್ತಿ ಎತ್ತಿದವನೇ ಮಜಪಾಹಿತದ ಒಡೆಯ! 1478ರಲ್ಲಿ ಮುಗಿದದ್ದು ರಾಜ್ಯವಲ್ಲ, ದಾಯಾದಿ ಜಗಳದ ಒಂದು ಸುತ್ತು.

ಬಿರುದು ಉದ್ದವಾಗುತ್ತಾ ಹೋಯಿತು, ಬೊಕ್ಕಸ ಬರಿದಾಗುತ್ತಾ ಬಂತು. ಒಳನಾಡಿನ ಅಕ್ಕಿ ಮಲುಕು ದ್ವೀಪಗಳ ಸಾಂಬಾರಕ್ಕೆ ಬದಲಾಗುತ್ತಿದ್ದುದು ಉತ್ತರ ಕರಾವಳಿಯ ಬಂದರುಗಳಲ್ಲಿ. ಅಲ್ಲಿನ ಒಡೆಯರು ಸುಂಕ ಕಳಿಸುವುದನ್ನು ನಿಲ್ಲಿಸಿದ ಮೇಲೆ ದೊರೆಗೆ ಉಳಿದದ್ದು ಗದ್ದೆ. 1512ರ ನಂತರ ಬರೆದ ಪೋರ್ಚುಗೀಸ್ ತೋಮೆ ಪಿರೆಸ್, ಆಗ ರಾಜಧಾನಿಯಾಗಿದ್ದ ಕದಿರಿಯ ದಹಾದಲ್ಲಿ ದೊರೆ ಹೆಸರಿಗಷ್ಟೇ, ಅಧಿಕಾರವೆಲ್ಲ ಅವನ ಪತಿಹ್‌ನದು, ಅಂದರೆ ಮಂತ್ರಿಯದು, ಎಂದಿದ್ದಾನೆ. ದಹಾ 1527ರಲ್ಲಿ ಉತ್ತರ ಕರಾವಳಿಯ ದೆಮಾಕ್ ಸುಲ್ತಾನರ ಪಾಲಾಯಿತು.

ಇನ್ನೊಂದು ದಿನ ಇದ್ದರೆ ಮೊಜೊಕೆರ್ತೊದಿಂದ ಸೊಲೊಗೆ ರೈಲು ಹಿಡಿದು, ಲಾವು ಬೆಟ್ಟದ ಇಳಿಜಾರಿನ ಚಂಡಿ ಸುಕುಹ್‌ಗೆ ಹೋಗಿ. ಬೆಳಿಗ್ಗೆಯೇ ಹತ್ತಬೇಕು; ಮಧ್ಯಾಹ್ನದ ಮಂಜು ಇಳಿದರೆ ಉಬ್ಬುಶಿಲ್ಪದ ಗೆರೆಗಳು ಕಾಣವು. ದ್ವಾರದ ಪಕ್ಕದ ಗೋಡೆಯಲ್ಲಿ ರಾಕ್ಷಸನೊಬ್ಬ ಮನುಷ್ಯನನ್ನು ನುಂಗುತ್ತಿದ್ದಾನೆ. ಅದು ಬರೀ ಚಿತ್ರವಲ್ಲ, ‘ಗಪುರ ಬುತ ಅಬನ್ ವೊಂಗ್’, ದ್ವಾರದ ರಾಕ್ಷಸ ಮನುಷ್ಯನನ್ನು ತಿನ್ನುತ್ತಾನೆ. 9, 5, 3, 1. ಬಲದಿಂದ ಓದಿ: ಶಕ 1359, ಅಂದರೆ 1437.