ಮಕ್ಕಳನ್ನು ಕಟ್ಟಿಕೊಂಡು ಸ್ಕ್ಯಾಂಡಿನೇವಿಯಾ: ಟೆಂಟ್ ಎಷ್ಟು ಸಲ ಕೀಳಬೇಕು, ಅದನ್ನು ಎಣಿಸಿ

ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿದ ಕನ್ನಡಿಗರೂ ಬೆಂಗಳೂರಿನಿಂದ ಪ್ರವಾಸಕ್ಕೆ ಬರುವವರೂ ಕೇಳುವ ಪ್ರಶ್ನೆ ಒಂದೇ: "ಮೂರು ವರ್ಷದ್ದೊಂದು, ಆರು ವರ್ಷದ್ದೊಂದು ಮಗು ಇದೆ. ಎರಡು ವಾರ ರಜೆ. ಕಾರು, ಟೆಂಟ್ ತಗೊಂಡು ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರೂ ಸುತ್ತೋಕೆ ಆಗುತ್ತಾ?"

ಆಗುತ್ತದೆ. ಆದರೆ ಕಿಲೋಮೀಟರ್ ಲೆಕ್ಕ ಬಿಟ್ಟು, ಟೆಂಟನ್ನು ಎಷ್ಟು ಸಲ ಹಾಕಿ ಕೀಳುತ್ತೀರಿ ಎಂದು ಎಣಿಸಿ. ಚಿಕ್ಕ ಮಕ್ಕಳಿರುವಾಗ ಬೆಳಿಗ್ಗೆ ತಿಂಡಿ ಮುಗಿಸಿ, ಸ್ಲೀಪಿಂಗ್ ಬ್ಯಾಗ್ ಸುತ್ತಿ, ಒದ್ದೆ ಟೆಂಟ್ ಒರೆಸಿ ಮಡಚಿ ಕಾರಿಗೆ ತುಂಬಲು ಎರಡು ತಾಸು ಬೇಕು. ಸಂಜೆ ಮತ್ತೆ ಹಾಕಲು ಒಂದೂವರೆ ತಾಸು. ಅಂದರೆ ಒಂದು ಸಲ ಜಾಗ ಬದಲಿಸಿದರೆ ಅರ್ಧ ದಿನ ಹೋಯಿತು. ಎರಡು ವಾರಕ್ಕೆ ನಾಲ್ಕು ಸಲ ಸಾಕು. ಎಂಟು ಸಲ ಅಂದುಕೊಂಡು ಹೊರಟವರು ಐದನೆಯದಕ್ಕೆ ಹೋಟೆಲ್ ಹುಡುಕುತ್ತಾರೆ.

ನಾರ್ವೆಯ ಉತ್ತರ ತುದಿಯ ನಾರ್ಡ್‌ಕಾಪ್ ಬಿಟ್ಟುಬಿಡಿ, ಓಸ್ಲೊದಿಂದ ಹೋಗುವುದಕ್ಕೇ ಸುಮಾರು 2000 ಕಿ.ಮೀ. ಉತ್ತರದ ಲೊಫೊಟೆನ್ ದ್ವೀಪಗಳೂ ಈ ಸಲ ಬೇಡ. ಸ್ಟಾಕ್‌ಹೋಮ್ ನೋಡಲು ಟೆಂಟ್ ಯಾಕೆ, ಅದಕ್ಕೆ ರೈಲು ಇದೆ.

ನಾವು ಹೇಳುವ ದಾರಿ ಇದು. ಶುರುವೂ ಮುಕ್ತಾಯವೂ ಕೋಪನ್‌ಹೇಗನ್. ಬಾಡಿಗೆ ಕಾರನ್ನು ಒಂದು ದೇಶದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಟ್ಟರೆ ದಂಡದಷ್ಟು ದುಡ್ಡು ಕೇಳುತ್ತಾರೆ, ಅದಕ್ಕೇ ಈ ಸುತ್ತು. ಮೊದಲ ದಿನ 18 ಕಿ.ಮೀ. ಉದ್ದದ ಸ್ಟೋರೆಬೆಲ್ಟ್ ಸೇತುವೆ ದಾಟಿ ಸುಮಾರು 260 ಕಿ.ಮೀ. ದೂರದ ಬಿಲ್ಲುಂಡ್. ಅಲ್ಲಿ ಮೂರು ರಾತ್ರಿ ಟೆಂಟ್. 1968ರಲ್ಲಿ ಶುರುವಾದ ಮೊದಲ ಲೆಗೊಲ್ಯಾಂಡ್ ಅಲ್ಲಿದೆ, ಮಕ್ಕಳ ಬೇಡಿಕೆ ಮೊದಲೇ ತೀರಿಸಿದಂತಾಗುತ್ತದೆ. ನಾಲ್ಕನೇ ದಿನ ಉತ್ತರದ ತುದಿಯ ಹಿರ್ಟ್‌ಶಾಲ್ಸ್, ಮರದ ಕ್ಯಾಬಿನ್‌ನಲ್ಲಿ ಒಂದು ರಾತ್ರಿ. ಬೆಳಿಗ್ಗೆ ಹಡಗಿನಲ್ಲಿ ಮೂರು ಕಾಲು ತಾಸಿಗೆ ನಾರ್ವೆಯ ಕ್ರಿಸ್ಟಿಯಾನ್‌ಸಾಂಡ್. ಇಳಿದ ಮೇಲೆ ಆಸೆಬುರುಕತನ ಬೇಡ, 9ನೇ ಹೆದ್ದಾರಿಯಲ್ಲಿ 75 ಕಿ.ಮೀ. ಹೋಗಿ ಸೇಟೆಸ್‌ಡಾಲ್ ಕಣಿವೆಯ ಬಿಗ್ಲಾಂಡ್ಸ್‌ಫ್ಯೋರ್ಡ್ ಸರೋವರದ ಪಕ್ಕ ಮೂರು ರಾತ್ರಿ. ಆಮೇಲೆ ಹೌಕೆಲಿ ಬೆಟ್ಟ ಹತ್ತಿ ಇಳಿದು ಹಾರ್ಡಾಂಗರ್‌ನ ಓಡ್ಡಾ ಕಡೆ ಮೂರು ರಾತ್ರಿ. ಅಲ್ಲಿಂದ ಹಾರ್ಡಾಂಗರ್‌ವಿಡ್ಡಾ ಪ್ರಸ್ಥಭೂಮಿ ದಾಟಿ ಗೋಲ್‌ನಲ್ಲಿ ಒಂದು ರಾತ್ರಿ ಕ್ಯಾಬಿನ್. ಓಸ್ಲೊ ಪಕ್ಕದಲ್ಲೇ ಹಾದು ಸ್ವೀಡನ್ನಿನ ಸ್ಟ್ರೋಮ್‌ಸ್ಟಾಡ್ ಕರಾವಳಿಯಲ್ಲಿ ಎರಡು ರಾತ್ರಿ ಟೆಂಟ್. ಕೊನೆಯ ರಾತ್ರಿ ಗೋಥೆನ್‌ಬರ್ಗ್ ದಾಟಿ ವಾರ್‌ಬರ್ಗ್‌ನಲ್ಲಿ ಕ್ಯಾಬಿನ್, ಮರುದಿನ ಓರೆಸುಂಡ್ ಸೇತುವೆ ಮೇಲೆ ಕೋಪನ್‌ಹೇಗನ್. ಒಟ್ಟು 14 ರಾತ್ರಿ, ಟೆಂಟ್ ಹಾಕುವುದು ನಾಲ್ಕೇ ಸಲ, ಕ್ಯಾಬಿನ್ ಮೂರು.

ಕ್ಯಾಬಿನ್ ಬರೀ ಐಷಾರಾಮಕ್ಕಲ್ಲ. ಒದ್ದೆ ಟೆಂಟ್, ಒದ್ದೆ ಬೂಟು ಒಣಗಬೇಕಲ್ಲ. ನಾರ್ವೆಯಲ್ಲಿ ಹ್ಯೂಟೆ, ಸ್ವೀಡನ್ನಿನಲ್ಲಿ ಸ್ಟೂಗ ಅನ್ನುತ್ತಾರೆ. ಮಂಚ, ಹಾಸಿಗೆ, ಪುಟ್ಟ ಒಲೆ, ಹೀಟರ್ ಇರುತ್ತವೆ. ಹೊದಿಕೆ, ಬೆಡ್‌ಶೀಟ್ ಇರುವುದಿಲ್ಲ. ಬಿಡುವ ಮುಂಚೆ ನೆಲ ಒರೆಸಿ ಸ್ವಚ್ಛ ಮಾಡಿಕೊಡಬೇಕು, ಇಲ್ಲವಾದರೆ ಅದಕ್ಕೆ ಬೇರೆ ಹಣ. ನಾರ್ವೆಯಲ್ಲಿ ಟೆಂಟಿಗೆ ಜಾಗ ಬಹುಮಟ್ಟಿಗೆ ಬುಕ್ ಮಾಡದೆಯೂ ಸಿಗುತ್ತದೆ, ಸಂಜೆ ನಾಲ್ಕರೊಳಗೆ ತಲುಪಿದರೆ ಆಯಿತು. ಕ್ಯಾಬಿನ್ ಮಾತ್ರ ತಿಂಗಳುಗಳ ಮುಂಚೆ ಕಾದಿರಿಸಿ.

ನಮ್ಮ ಶಾಲೆಗಳ ಏಪ್ರಿಲ್-ಮೇ ರಜೆ ಈ ಪ್ರವಾಸಕ್ಕೆ ಹೊಂದುವುದಿಲ್ಲ. ಆಗ ಬೆಟ್ಟದ ಮೇಲೆ ಇನ್ನೂ ಹಿಮ, ಎಷ್ಟೋ ಕ್ಯಾಂಪಿಂಗ್ ತಾಣಗಳು ತೆರೆದಿರುವುದೇ ಇಲ್ಲ. ದಸರಾ ರಜೆಗೆ ಬಂದರೆ ಅಷ್ಟರಲ್ಲಿ ಮುಚ್ಚಿರುತ್ತವೆ. ಜೂನ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಮಾತ್ರ ಕಾಲ. ಅದರಲ್ಲೂ ಸ್ವೀಡನ್ನಿನ ಮಿಡ್‌ಸೊಮ್ಮಾರ್ ಹಬ್ಬ, ಅಂದರೆ ಜೂನ್ 19ರಿಂದ 25ರ ನಡುವೆ ಬರುವ ಶುಕ್ರವಾರ, ಅದರ ಆಸುಪಾಸು ಅಲ್ಲಿರಬೇಡಿ: ಜಾಗ ಭರ್ತಿ, ಅಂಗಡಿ ಬಂದ್. ನಾರ್ವೆಯವರು ಜುಲೈಯಲ್ಲಿ ಸಾಮೂಹಿಕವಾಗಿ ರಜೆ ಹಾಕುತ್ತಾರೆ. ನಮ್ಮ ಆಯ್ಕೆ ಆಗಸ್ಟ್ ಮೊದಲೆರಡು ವಾರ. ಜನ ಕಡಿಮೆ, ಸೊಳ್ಳೆ ಕಡಿಮೆ, ಮುಖ್ಯವಾಗಿ ರಾತ್ರಿ ಕತ್ತಲಾಗುತ್ತದೆ.

ಕತ್ತಲೆಯ ವಿಷಯವನ್ನು ಯಾರೂ ಕೇಳುವುದಿಲ್ಲ, ಎಲ್ಲರೂ ಅನುಭವಿಸುತ್ತಾರೆ. ಜೂನ್ ಕೊನೆಯಲ್ಲಿ ಓಸ್ಲೊದಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತೂ ಮುಕ್ಕಾಲಿಗೆ, ಹುಟ್ಟುವುದು ನಾಲ್ಕಕ್ಕೂ ಮುಂಚೆ. "ಇನ್ನೂ ಬೆಳಕಿದೆ" ಎಂದು ಮಗು ವಾದಕ್ಕೆ ನಿಂತರೆ ಉತ್ತರವಿಲ್ಲ. ಒಳಗೋಣೆ ಕಪ್ಪು ಬಟ್ಟೆಯದಿರುವ ಟೆಂಟ್ ಕೊಳ್ಳಿ. ಇದ್ದ ಟೆಂಟೇ ಆದರೆ ಗಾಢ ಬಣ್ಣದ ಬೆಡ್‌ಶೀಟೊಂದನ್ನು ಒಳಗಿನ ಕೊಕ್ಕೆಗಳಿಗೆ ಬಟ್ಟೆ ಕ್ಲಿಪ್ಪಿನಿಂದ ಇಳಿಬಿಡಿ. ಜಾಗ ಆರಿಸುವಾಗ ಪೂರ್ವಕ್ಕೆ ಮರವೋ ಗುಡ್ಡವೋ ಇರುವಂತೆ ನೋಡಿ. ಬೆಳಗಿನ ಐದಕ್ಕೆ ಬಿಸಿಲು ನೇರ ಬಿದ್ದರೆ ಟೆಂಟ್ ಕಾಯ್ದು, ಮಕ್ಕಳು ಬೆವತು ಎದ್ದು ಕೂರುತ್ತಾರೆ.

ಆದರೆ ಬೆಳಗಿನ ಜಾವದವರೆಗೆ ಚಳಿ. ಜುಲೈಯಲ್ಲೂ ರಾತ್ರಿ 8-12 ಡಿಗ್ರಿ ಸಾಮಾನ್ಯ, ಎತ್ತರದಲ್ಲಿ 5ಕ್ಕೂ ಇಳಿಯಬಹುದು. ಸ್ಲೀಪಿಂಗ್ ಬ್ಯಾಗಿನ ಮೇಲೆ ಎರಡು ಉಷ್ಣತೆ ಬರೆದಿರುತ್ತದೆ, ಕಂಫರ್ಟ್ ಮತ್ತು ಲಿಮಿಟ್. ಕಂಫರ್ಟ್ ಅಂಕೆಯನ್ನಷ್ಟೇ ನಂಬಿ, ಅದು 5 ಅಥವಾ ಕಡಿಮೆ ಇರಲಿ. "ಬೆಳೆಯೋ ಮಗು" ಎಂದು ದೊಡ್ಡವರ ಬ್ಯಾಗ್ ಕೊಟ್ಟರೆ ಮಗುವಿಗೆ ಇನ್ನೂ ಚಳಿ: ಕಾಲ ಬಳಿಯ ಖಾಲಿ ಜಾಗದ ಗಾಳಿಯನ್ನೂ ಆ ಪುಟ್ಟ ಮೈಯೇ ಬಿಸಿ ಮಾಡಬೇಕು. ಕೆಳಗಿನ ಭಾಗವನ್ನು ದಾರದಿಂದ ಕಟ್ಟಿ ಗಿಡ್ಡ ಮಾಡಿ. ಇನ್ನು ಹೊದಿಕೆ ಎಷ್ಟೇ ದಪ್ಪ ಇದ್ದರೂ ನೆಲ ಶಾಖ ಹೀರುತ್ತದೆ. ಚಾಪೆಯ ಆರ್-ವ್ಯಾಲ್ಯೂ, ಅಂದರೆ ಶಾಖ ಹೋಗದಂತೆ ತಡೆಯುವ ಶಕ್ತಿಯ ಅಂಕೆ, 3ಕ್ಕಿಂತ ಹೆಚ್ಚಿರಬೇಕು. ಗಾಳಿ ತುಂಬುವ ಅಗ್ಗದ ಹಾಸಿಗೆಗಳಲ್ಲಿ ಶಾಖ ತಡೆಯುವ ಪದರವೇ ಇರುವುದಿಲ್ಲ. ಒಳ ಉಡುಪು ಉಣ್ಣೆಯದು, ಹತ್ತಿಯದಲ್ಲ.

ಬೆಳಿಗ್ಗೆ ಟೆಂಟಿನ ಒಳಗೋಡೆ ಒದ್ದೆಯಾಗಿದ್ದರೆ "ಸೋರುತ್ತಿದೆ" ಎಂದು ಅಂಗಡಿಗೆ ಓಡಬೇಡಿ. ನಾಲ್ಕು ಜನ ರಾತ್ರಿಯಿಡೀ ಉಸಿರಿನಲ್ಲಿ ಬಿಡುವ ನೀರು ಹತ್ತಿರ ಹತ್ತಿರ ಒಂದು ಲೀಟರ್. ಚಳಿಗೆ ಹೆದರಿ ಗಾಳಿಕಿಂಡಿ ಮುಚ್ಚಿದರೆ ಅದು ಗೋಡೆಗೆ ಕೂರುತ್ತದೆ. ಕಿಂಡಿ ತೆರೆದೇ ಇರಲಿ. ಗೂಟದ ವಿಷಯಕ್ಕೂ ಗಮನ ಕೊಡಿ: ಡೆನ್ಮಾರ್ಕ್‌ನ ಮರಳಿಗೆ ಅಗಲದ ಉದ್ದ ಗೂಟ, ನಾರ್ವೆಯ ಕಲ್ಲುನೆಲಕ್ಕೆ ಗಟ್ಟಿ ಉಕ್ಕಿನದು. ಟೆಂಟ್ ಜೊತೆ ಬರುವ ತೆಳು ಅಲ್ಯುಮಿನಿಯಂ ಗೂಟಗಳು ಎರಡಕ್ಕೂ ಬಾರವು.

"ನಾರ್ವೆ, ಸ್ವೀಡನ್ನಿನಲ್ಲಿ ಎಲ್ಲಿ ಬೇಕಾದರೂ ಟೆಂಟ್ ಹಾಕಬಹುದಂತೆ?" ಅರ್ಧ ನಿಜ. ನಾರ್ವೆಯ 1957ರ ಕಾಯಿದೆ ಪ್ರಕಾರ ಉಳುಮೆಯಿಲ್ಲದ ಬಯಲು, ಕಾಡಿನಲ್ಲಿ, ಜನವಾಸದ ಮನೆಯಿಂದ ಕನಿಷ್ಠ 150 ಮೀಟರ್ ದೂರದಲ್ಲಿ, ಒಂದೇ ಜಾಗದಲ್ಲಿ ಎರಡು ರಾತ್ರಿವರೆಗೆ ಹಾಕಬಹುದು. ಸ್ವೀಡನ್ನಿನಲ್ಲೂ ಆ ಬಗೆಯ ಹಕ್ಕಿದೆ. ಆದರೆ ಹಕ್ಕು ನಡೆದು ಹೋಗುವವರಿಗೆ. ಕಾರನ್ನು ಹುಲ್ಲಿನ ಮೇಲೆ ನುಗ್ಗಿಸುವುದಕ್ಕಲ್ಲ. ಡೆನ್ಮಾರ್ಕ್‌ನಲ್ಲಿ ಈ ಹಕ್ಕೇ ಇಲ್ಲ, ಗುರುತು ಮಾಡಿದ ಜಾಗದಲ್ಲಿ ಮಾತ್ರ. ನಡುರಾತ್ರಿ ಶೌಚಕ್ಕೆ ಎಬ್ಬಿಸುವ ಮಗುವಿರುವಾಗ ಕ್ಯಾಂಪಿಂಗ್ ತಾಣವೇ ವಾಸಿ. ಸ್ವೀಡನ್, ಡೆನ್ಮಾರ್ಕ್‌ನ ಕೆಲವು ತಾಣಗಳು ಕ್ಯಾಂಪಿಂಗ್ ಕಾರ್ಡ್ ಎಂಬ ಸದಸ್ಯತ್ವದ ಕಾರ್ಡ್ ಕೇಳಬಹುದು, ಮೊದಲೇ ವಿಚಾರಿಸಿಕೊಳ್ಳಿ. ಬೆಂಕಿ ಹಾಕುವ ಆಸೆಯಿದ್ದರೆ: ನಾರ್ವೆಯಲ್ಲಿ ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ, ಕಾಡಿನ ಬಳಿ ನಿಷಿದ್ಧ. ಸ್ವೀಡನ್ನಿನಲ್ಲಿ ಬಂಡೆಯ ಮೇಲೆ ಹಚ್ಚಬೇಡಿ, ಕಾವಿಗೆ ಬಂಡೆ ಸೀಳಿ ಗುರುತು ಶಾಶ್ವತವಾಗಿ ಉಳಿಯುತ್ತದೆ.

ಅಡುಗೆ. ತುಪ್ಪ, ಧಾರವಾಡ ಪೇಡ ಮನೆಯಲ್ಲೇ ಬಿಟ್ಟು ಬನ್ನಿ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಕೂಸಿನ ಹಾಲಿನ ಪುಡಿಗೆ ಮಾತ್ರ 2 ಕೆ.ಜಿ.ವರೆಗೆ ವಿನಾಯಿತಿ. ನಾರ್ವೆ ಗಡಿಯಲ್ಲಿ ಆಲೂಗಡ್ಡೆಗೂ ತಡೆಯಿದೆ, ಡೆನ್ಮಾರ್ಕ್‌ನಲ್ಲಿ ಕೊಂಡದ್ದನ್ನು ಹಡಗು ಹತ್ತುವ ಮುಂಚೆ ಬೇಯಿಸಿ ಮುಗಿಸಿ. ಹುರಿದ ರವೆ, ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಸಾರಿನ ಪುಡಿ ತಂದರೆ ಉಳಿದದ್ದು ಇಲ್ಲೇ ಸಿಗುತ್ತದೆ. ತೊಗರಿಬೇಳೆಗೆ ಗ್ಯಾಸ್ ಸುಡಬೇಡಿ. ಸ್ವೀಡನ್ನಿನಲ್ಲಿ "ರೋಡ ಲಿನ್ಸರ್", ನಾರ್ವೆ-ಡೆನ್ಮಾರ್ಕ್‌ನಲ್ಲಿ "ರೋಡೆ ಲಿನ್ಸರ್" ಎಂದು ಮಾರುವುದು ನಮ್ಮ ಮಸೂರ್ ಬೇಳೆಯೇ, ಹದಿನೈದು ನಿಮಿಷಕ್ಕೆ ಕರಗುತ್ತದೆ. ಮೊಸರನ್ನಕ್ಕೆ ಸ್ವೀಡನ್ನಿನಲ್ಲಿ ಫಿಲ್‌ಮ್ಯೋಲ್ಕ್ ಕೊಳ್ಳಿ: ಪೆಟ್ಟಿಗೆಯಲ್ಲಿ ಬರುವ, ತುಸು ಹುಳಿಯ, ಸುರಿಯುವಷ್ಟು ತೆಳುವಾದ ಮೊಸರು. ಬಿಸಿ ಅನ್ನವನ್ನು ಮೆತ್ತಗೆ ಹಿಸುಕಿ ಸುರಿದು ಉಪ್ಪು ಹಾಕಿದರೆ ಮಕ್ಕಳಿಗೆ ಬೇರೇನೂ ಬೇಡ. ನಾರ್ವೆಯಲ್ಲಿ ಭಾನುವಾರ ದೊಡ್ಡ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ತುಂಬಿಸಿಕೊಳ್ಳಿ.

ಗ್ಯಾಸ್ ಡಬ್ಬಿ ವಿಮಾನದಲ್ಲಿ ತರುವಂತಿಲ್ಲ. ಸ್ಕ್ರೂ ಮಾದರಿಯ 230 ಗ್ರಾಂ ಡಬ್ಬಿ ಮೂರೂ ದೇಶಗಳಲ್ಲಿರುವ ಬಿಲ್ಟೆಮಾದಂಥ ಅಂಗಡಿಗಳಲ್ಲಿ ಸಿಗುತ್ತದೆ. ನಾಲ್ವರಿಗೆ ಎರಡು ಹೊತ್ತಿನ ಅಡುಗೆ, ಚಹಾ ಸೇರಿ ಒಂದು ಡಬ್ಬಿ ಸುಮಾರು ಎರಡು ದಿನ. ಇಲ್ಲಿನವರ ಮೆಚ್ಚಿನ ಟ್ರಾಂಗಿಯಾ ಸ್ಪಿರಿಟ್ ಒಲೆಗೆ ಗಾಳಿಯ ಭಯವಿಲ್ಲ, ಆದರೆ ಒಂದು ಅಪಾಯ ಇದೆ. ಅದರ ಉರಿ ಹಗಲಲ್ಲಿ ಕಾಣುವುದಿಲ್ಲ. ಆರಿತು ಎಂದುಕೊಂಡು ಮೇಲಿಂದ ಸ್ಪಿರಿಟ್ ಸುರಿದರೆ ಜ್ವಾಲೆ ಬಾಟಲಿಗೇ ಏರುತ್ತದೆ. ಬರ್ನರ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾದ ಮೇಲೆಯೇ ತುಂಬಿ. ಮಳೆ ಬಂದರೂ ಯಾವ ಒಲೆಯನ್ನೂ, ಆರುತ್ತಿರುವ ಇದ್ದಿಲ ಗ್ರಿಲ್ಲನ್ನೂ ಟೆಂಟಿನ ಒಳಗೆ ತರಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಮಳೆಗೆ ತಾಣದ ಸಾಮೂಹಿಕ ಅಡುಗೆಮನೆ ಇದೆ. ಸಂಜೆ ಆರರ ನೂಕುನುಗ್ಗಲಿಗೆ ಮುಂಚೆ, ಐದಕ್ಕೇ ಹೋಗಿ. ಒಗ್ಗರಣೆಗೆ ಮೊದಲು ಕಿಟಕಿ ತೆಗೆಯಿರಿ, ಮೆಣಸಿನಕಾಯಿ ಘಾಟಿಗೆ ಸ್ಮೋಕ್ ಅಲಾರಂ ಬಡಿದುಕೊಂಡರೆ ಇಡೀ ಕ್ಯಾಂಪು ಹೊರಗೆ ಬರುತ್ತದೆ.

ಕಾರಿನ ವಿಷಯ ಬೇಗ ಮುಗಿಸೋಣ. ಭಾರತದ ಲೈಸೆನ್ಸ್ ಇರುವವರು ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿ, ಒಂದು ವರ್ಷ ನಡೆಯುತ್ತದೆ. 135 ಸೆಂ.ಮೀ.ಗಿಂತ ಗಿಡ್ಡ ಮಕ್ಕಳಿಗೆ ಮೂರೂ ದೇಶಗಳಲ್ಲಿ ಮಕ್ಕಳ ಸೀಟು ಕಡ್ಡಾಯ. ನಾಲ್ಕು ವರ್ಷದವರೆಗೆ ಹಿಮ್ಮುಖವಾಗಿ ಕೂರಿಸಿ ಎಂದು ಸ್ವೀಡನ್ನಿನಲ್ಲಿ ಸಲಹೆ ಕೊಡುತ್ತಾರೆ. ಹಗಲಲ್ಲೂ ಹೆಡ್‌ಲೈಟ್ ಉರಿಯಬೇಕು. ನಾರ್ವೆಯಲ್ಲಿ ಟೋಲ್‌ಗೆ ಯಾರೂ ನಿಲ್ಲಿಸುವುದಿಲ್ಲ, ಕ್ಯಾಮೆರಾ ನೋಡಿ ಬಿಲ್ ಕಳಿಸುತ್ತದೆ. ಬಾಡಿಗೆ ಕಾರಾದರೆ ಮನೆಗೆ ಮರಳಿದ ಮೇಲೂ ಬಿಲ್ ಬರಬಹುದು, ಕಾರ್ಡಿನಲ್ಲಿ ಹಣ ಇರಲಿ.

ದೊಡ್ಡ ಹಡಗಿನಲ್ಲಿ ಪ್ರಯಾಣದುದ್ದಕ್ಕೂ ಕಾರಿನ ಅಂತಸ್ತಿಗೆ ಬೀಗ ಹಾಕುತ್ತಾರೆ. ಡೈಪರ್, ಬದಲಿ ಬಟ್ಟೆ, ತಿಂಡಿ, ವಾಂತಿಗೆ ಚೀಲ, ಇವನ್ನು ಒಂದು ಬ್ಯಾಗಿನಲ್ಲಿ ಕೈಯಲ್ಲೇ ಇಟ್ಟುಕೊಳ್ಳಿ. ಮಗುವಿನ ಅಚ್ಚುಮೆಚ್ಚಿನ ಗೊಂಬೆ ಕೆಳಗುಳಿದರೆ ಮೂರು ತಾಸು ಬಲು ದೀರ್ಘ.

ಬಿಗ್ಲಾಂಡ್ಸ್‌ಫ್ಯೋರ್ಡ್‌ನಿಂದ ಓಡ್ಡಾಗೆ ಸುಮಾರು 240 ಕಿ.ಮೀ. ಮ್ಯಾಪ್ ನಾಲ್ಕು ತಾಸು ಅನ್ನುತ್ತದೆ, ಮಕ್ಕಳಿದ್ದರೆ ಏಳು ಎಂದಿಟ್ಟುಕೊಳ್ಳಿ. 80ರ ಮಿತಿ ಬರೆದಿದ್ದರೂ ತಿರುವಿನ ದಾರಿಯಲ್ಲಿ ಸರಾಸರಿ 50-60 ಅಷ್ಟೇ. ಸುರಂಗದೊಳಗೂ ಕುರಿಗಳು ಮಲಗಿರುತ್ತವೆ. ಒಂದೂವರೆ ತಾಸಿಗೊಮ್ಮೆ ನಿಲ್ಲಿಸಿ. ಓಡ್ಡಾಗೆ ಮುಂಚೆ ಸಿಗುವ ಲೋಟೆಫೊಸ್ಸೆನ್ ಅವಳಿ ಜಲಪಾತದ ಹನಿ ರಸ್ತೆಯ ಮೇಲೇ ಬೀಳುತ್ತದೆ, ಕಿಟಕಿ ಏರಿಸಲು ಮರೆತವರಿಗೆ ಸ್ನಾನ. ಹಾರ್ಡಾಂಗರ್ ಹಣ್ಣಿನ ತೋಟಗಳ ಸೀಮೆ. ಬೇಸಿಗೆಯಲ್ಲಿ ರಸ್ತೆ ಬದಿಯ ಪೆಟ್ಟಿಗೆಯಲ್ಲಿ ಚೆರ್ರಿ ಇಟ್ಟಿರುತ್ತಾರೆ, ಮಾರುವವರು ಇರುವುದಿಲ್ಲ. ದುಡ್ಡು ವಿಪ್ಸ್ ಎಂಬ ಆ್ಯಪ್‌ನಲ್ಲಿ. ಅದು ಭಾರತದಿಂದ ಬಂದವರ ಬಳಿ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಒಂದಿಷ್ಟು ನಾರ್ವೆ ಚಿಲ್ಲರೆ ಜೇಬಿನಲ್ಲಿರಲಿ. ಮುಂದೆ 7ನೇ ಹೆದ್ದಾರಿ 1200 ಮೀಟರ್‌ಗೂ ಮೇಲೆ ಹತ್ತುತ್ತದೆ. ದಾರಿಯಲ್ಲಿ ವೋರಿಂಗ್ಸ್‌ಫೊಸ್ಸೆನ್ ಜಲಪಾತವಿದೆ, ಅಂಚಿನಲ್ಲಿ ಮಗುವಿನ ಕೈ ಬಿಡಬೇಡಿ.

ಉದ್ದ ಹುಲ್ಲಿನಲ್ಲಿ ಆಡಿದ ಮಕ್ಕಳ ಮೈಯಲ್ಲಿ ಪ್ರತಿ ಸಂಜೆ ರಕ್ತ ಹೀರುವ ಉಣ್ಣಿ (ಟಿಕ್) ಹುಡುಕಿ: ಕಿವಿ ಹಿಂದೆ, ಕೂದಲಂಚು, ಕಂಕುಳು, ತೊಡೆಸಂದು, ಮೊಣಕಾಲ ಹಿಂದೆ. ದಕ್ಷಿಣದ ಕರಾವಳಿಯಲ್ಲಿ ಇದು ಹೆಚ್ಚು. ಚೂಪು ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಬೇಡ. ಆಮೇಲಿನ ವಾರಗಳಲ್ಲಿ ಕಚ್ಚಿದ ಜಾಗದ ಸುತ್ತ ಕೆಂಪು ವೃತ್ತ ಹರಡಿದರೆ ವೈದ್ಯರಿಗೆ ತೋರಿಸಿ. ತುರ್ತಿಗೆ ಡೆನ್ಮಾರ್ಕ್, ಸ್ವೀಡನ್ನಿನಲ್ಲಿ 112. ನಾರ್ವೆಯಲ್ಲಿ ಆಂಬುಲೆನ್ಸ್‌ಗೆ 113.

ಸ್ಟ್ರೋಮ್‌ಸ್ಟಾಡ್‌ನಿಂದ ಅರ್ಧ ತಾಸಿನಾಚೆ ತನುಮ್‌ನ ಕಂಚಿನ ಯುಗದ ಬಂಡೆಚಿತ್ರಗಳಿವೆ, 1994ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ದೊಡ್ಡವರು ನೋಡಬೇಕಾದದ್ದು. ಮಕ್ಕಳಿಗೆ ಅಲ್ಲಿ ಬೇಕಾದದ್ದು ಒಂದು ಬಕೆಟ್, ಮೂರು ಮೀಟರ್ ದಾರ, ಮರದ ಬಟ್ಟೆ ಕ್ಲಿಪ್ಪು. ದಡದ ಮಸ್ಸೆಲ್ ಚಿಪ್ಪೊಂದನ್ನು ಕಲ್ಲಿನಿಂದ ಒಡೆದು ಕ್ಲಿಪ್ಪಿಗೆ ಸಿಕ್ಕಿಸಿ, ಮುಳುಗಲು ಪುಟ್ಟ ಕಲ್ಲು ಕಟ್ಟಿ, ಕಟ್ಟೆಯಂಚಿನಿಂದ ಇಳಿಬಿಡಬೇಕು. ಏಡಿ ಬಂದು ಹಿಡಿದುಕೊಳ್ಳುತ್ತದೆ, ಮೆಲ್ಲಗೆ ಎಳೆದರೆ ಬಿಡುವುದಿಲ್ಲ. ಗಡಿಬಿಡಿ ಮಾಡಿದರೆ ನೀರಿನ ಮೇಲೆ ಬರುತ್ತಲೇ ಬಿಟ್ಟುಬಿಡುತ್ತದೆ. ಬಕೆಟ್ಟಿಗೆ ಸಮುದ್ರದ ನೀರೇ ಹಾಕಿ, ನೆರಳಲ್ಲಿಡಿ, ಹತ್ತು ಏಡಿಗಿಂತ ಹೆಚ್ಚು ತುಂಬಬೇಡಿ, ಸಂಜೆ ಎಲ್ಲವನ್ನೂ ಮರಳಿ ಬಿಡಿ. ಲೈಫ್ ಜಾಕೆಟ್ ಮಾತ್ರ ಕಟ್ಟೆ ಹತ್ತುವ ಮುಂಚೆಯೇ ಹಾಕಿ, ಏಡಿ ಕಂಡ ಮೇಲೆ ಮಗು ನಿಮ್ಮ ಮಾತು ಕೇಳುವುದಿಲ್ಲ.