ಬೌಂಡರಿ ವಾಟರ್ಸ್‌ನಲ್ಲಿ ಇಬ್ಬರ ಕೆನೂ ಪ್ರವಾಸ: ಹೊರಡುವವರಿಗೆ ಕೆಲವು ಸಲಹೆಗಳು

ಅಮೆರಿಕದ ಮಿನೆಸೋಟ ರಾಜ್ಯದ ಈಶಾನ್ಯ ಭಾಗದಲ್ಲಿ, ಕೆನಡಾದ ಗಡಿಗೆ ತಾಗಿಕೊಂಡು, ಸುಮಾರು 11 ಲಕ್ಷ ಎಕರೆ ವಿಸ್ತಾರದ ಬೌಂಡರಿ ವಾಟರ್ಸ್ ಕೆನೂ ಏರಿಯಾ ವೈಲ್ಡರ್ನೆಸ್ ಇದೆ. ಸಾವಿರಕ್ಕೂ ಹೆಚ್ಚು ಸರೋವರಗಳಿರುವ ಈ ಕಾಡಿನ ಬಹುಭಾಗದಲ್ಲಿ ಯಂತ್ರದ ದೋಣಿಗೆ ಅವಕಾಶವಿಲ್ಲದ ಕಾರಣ, ಕೆನೂ ಎಂಬ ಹಗುರ ದೋಣಿಯಲ್ಲಿ ಹುಟ್ಟು ಹಾಕುತ್ತ, ನಡುನಡುವೆ ದೋಣಿಯನ್ನೇ ಹೊತ್ತು ನಡೆಯುತ್ತ ಸಾಗಬೇಕು. ನಾನು ಮತ್ತು ನನ್ನ ಪತ್ನಿ ಆಗಸ್ಟ್ ಕೊನೆಯಲ್ಲಿ ಈಲಿ ಎಂಬ ಪುಟ್ಟ ಊರಿನ ಕಡೆಯಿಂದ ಇಲ್ಲಿಗೆ ಹೋಗಿದ್ದೆವು. ಇಬ್ಬರೇ ಹೋಗುವಾಗ ದಿನಕ್ಕೆ ಎಷ್ಟು ದೂರ ಸಾಗಬಹುದೆಂಬುದನ್ನು ಹೊರೆಯ ಭಾರವೂ ಗಾಳಿಯೂ ಸೇರಿ ತೀರ್ಮಾನಿಸುತ್ತವೆ. ಆದ್ದರಿಂದ ನಕ್ಷೆ ನೋಡಿ ಆಸೆಪಟ್ಟ ದಾರಿಯ ಅರ್ಧವನ್ನಷ್ಟೇ ಯೋಜನೆಗೆ ಸೇರಿಸಿಕೊಳ್ಳುವುದು ಜಾಣತನ.

ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ರಾತ್ರಿ ತಂಗುವವರ ಸಂಖ್ಯೆಗೆ ಮಿತಿಯಿದ್ದು, ಪರವಾನಗಿಯನ್ನು ನಿರ್ದಿಷ್ಟ ಪ್ರವೇಶದ್ವಾರಕ್ಕೆ, ನಿರ್ದಿಷ್ಟ ದಿನಕ್ಕೆ ಕೊಡುತ್ತಾರೆ. ಕಾಯ್ದಿರಿಸುವಿಕೆ ಜನವರಿ ಕೊನೆಯಲ್ಲೇ ತೆರೆಯುತ್ತದೆ, ಬೇಡಿಕೆಯ ದ್ವಾರಗಳು ಬೇಗನೆ ತುಂಬುತ್ತವೆ. ಕಾಯ್ದಿರಿಸುವಾಗ ಒಬ್ಬರು ಮುಖ್ಯಸ್ಥರಾದರೆ ಇನ್ನೊಬ್ಬರ ಹೆಸರನ್ನು ಬದಲಿ ಮುಖ್ಯಸ್ಥರೆಂದು ಆಗಲೇ ನಮೂದಿಸಿಬಿಡಿ. ಪರವಾನಗಿಯನ್ನು ಮತ್ತೊಬ್ಬರ ಹೆಸರಿಗೆ ವರ್ಗಾಯಿಸಲಾಗುವುದಿಲ್ಲ.

ಮೊದಲ ಸಲ ಹೋಗುವ ದಂಪತಿಗೆ ನಾನು ಸೂಚಿಸುವುದು ಲೇಕ್ ಒನ್ ದ್ವಾರವನ್ನು. ಅಲ್ಲಿಂದ ಲೇಕ್ ಟೂ ತಲುಪಲು ಎರಡು ಚಿಕ್ಕ ಪೋರ್ಟೇಜ್‌ಗಳಿವೆ, ಅಂದರೆ ದೋಣಿ, ಸಾಮಾನು ಹೊತ್ತು ನಡೆಯಬೇಕಾದ ಕಾಲುದಾರಿಗಳು. ಆಮೇಲೆ ಲೇಕ್ ತ್ರೀ, ಲೇಕ್ ಫೋರ್‌ವರೆಗೂ ನೀರಿನಲ್ಲೇ ಸಾಗಬಹುದು. ಆದರೆ ಲೇಕ್ ಒನ್‌ನ ದ್ವೀಪಗಳೂ ಕೊಲ್ಲಿಗಳೂ ಒಂದರಂತೆ ಒಂದು ಕಾಣುವುದರಿಂದ, ಮುಂದೆ ಕೂತವರು ನಕ್ಷೆಯನ್ನು ತೊಡೆಯ ಮೇಲಿಟ್ಟುಕೊಂಡು ಪ್ರತಿ ತಿರುವನ್ನೂ ಗುರುತಿಸುತ್ತಿರಬೇಕು. ಫೋನಿನ ಸಿಗ್ನಲ್ ಅನ್ನು ನಂಬುವಂತಿಲ್ಲ.

ಪೋರ್ಟೇಜ್ ದೂರವನ್ನು ಇಲ್ಲಿ ರಾಡ್ ಎಂಬ ಹಳೆಯ ಅಳತೆಯಲ್ಲಿ ಹೇಳುತ್ತಾರೆ. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ದೋಣಿಯ ಉದ್ದ. 40 ರಾಡ್ ಎಂದರೆ ಇನ್ನೂರು ಮೀಟರ್ ಅಷ್ಟೇ ಅನ್ನಿಸಬಹುದು; ಆದರೆ ಸಾಮಾನನ್ನೆಲ್ಲ ಒಂದೇ ಸಲಕ್ಕೆ ಹೊರಲಾಗದೆ ಮರಳಿ ಬಂದು ಹೊತ್ತರೆ ಅದೇ ದಾರಿಯನ್ನು ಮೂರು ಬಾರಿ ತುಳಿದಂತಾಗುತ್ತದೆ, ಅದೂ ಕಲ್ಲು, ಬೇರು, ಕೆಸರಿನ ಮೇಲೆ. ಬಾಡಿಗೆ ಹೆಚ್ಚಾದರೂ ಸುಮಾರು 20 ಕಿಲೋ ತೂಗುವ, ಕೆವ್ಲಾರ್ ಎಂಬ ಹಗುರ ಕೃತಕ ನಾರಿನ ದೋಣಿಯನ್ನೇ ಪಡೆಯಿರಿ. ಅದನ್ನು ಬಂಡೆಗೆ ತಾಗಿಸಬಾರದಾದ್ದರಿಂದ ಮೊಣಕಾಲುದ್ದದ ನೀರಿನಲ್ಲಿ ನಿಂತೇ ಸಾಮಾನು ಹೇರಬೇಕು, ಇಳಿಸಬೇಕು. ಪಾದ ಒಣಗಿರಬೇಕೆಂಬ ಆಸೆಯನ್ನು ಮೊದಲೇ ಬಿಟ್ಟುಬಿಡುವುದು ಒಳಿತು.

ಗಾಳಿಯ ವಿಷಯದಲ್ಲಿ ಉದಾಸೀನ ಬೇಡ. ಲೇಕ್ ತ್ರೀಯಂಥ ತೆರೆದ ಸರೋವರ ಬೆಳಗ್ಗೆ ಶಾಂತವಾಗಿದ್ದರೂ ಮಧ್ಯಾಹ್ನದ ಹೊತ್ತಿಗೆ ನೊರೆಯುಕ್ಕುವ ಅಲೆಗಳಿಂದ ತುಂಬಬಹುದು. ಬೆಳಗಿನ ಜಾವದಲ್ಲೇ ಹೊರಟು, ದಡದ ಸಮೀಪದಲ್ಲೇ ಸಾಗಿ, ಮಧ್ಯಾಹ್ನದೊಳಗೆ ಬಿಡಾರ ಹೂಡಿ. ಗಾಳಿ ಎದುರಿನಿಂದ ಬೀಸುವಾಗ, ಮುಂದೆ ಕೂತವರು ಹಗುರವಾಗಿದ್ದರೆ ಭಾರದ ಚೀಲವೊಂದನ್ನು ಅವರ ಬೆನ್ನ ಹಿಂದಕ್ಕೆ ಸರಿಸಿದರೆ ದೋಣಿಯ ಮೂತಿ ಅತ್ತಿತ್ತ ತಿರುಗುವುದಿಲ್ಲ. ನಮ್ಮಿಬ್ಬರ ನಡುವಿನ ಬಹಳಷ್ಟು ವಾಗ್ವಾದ ಈ ಒಂದು ಉಪಾಯದಿಂದ ನಿಂತುಹೋಯಿತು.

ಬೇಸಿಗೆಯಲ್ಲಿ ಗೊತ್ತುಪಡಿಸಿದ ಜಾಗಗಳಲ್ಲೇ ತಂಗಬೇಕು, ಆದರೆ ಅವುಗಳನ್ನು ಕಾಯ್ದಿರಿಸಲಾಗದು. ಮೊದಲು ಬಂದವರಿಗೆ ಜಾಗ. ಅಲ್ಲಿರುವುದು ಒಲೆಯ ಕಬ್ಬಿಣದ ಜಾಲರಿ ಮತ್ತು ಕಾಡಿನೊಳಗೆ ಗೋಡೆಯೂ ಸೂರೂ ಇಲ್ಲದ ಒಂದು ಶೌಚಪೀಠ. ಒಂದೇ ಜಾಗದಲ್ಲಿ ಎರಡು ರಾತ್ರಿ ಉಳಿದು ಖಾಲಿ ದೋಣಿಯಲ್ಲಿ ಸುತ್ತಾಡುವುದು, ದಿನವೂ ಗುಡಾರ ಕಿತ್ತು ಕಟ್ಟುವುದಕ್ಕಿಂತ ಸುಖ. ಲೂನ್ ಹಕ್ಕಿಯ ಕೂಗನ್ನು ಸಾವಧಾನವಾಗಿ ಕೇಳಲು ಆಗ ಬಿಡುವೂ ಸಿಗುತ್ತದೆ.

ತಿನಿಸು, ಪಾನೀಯಗಳ ತಗಡಿನ ಡಬ್ಬಿಗೂ ಗಾಜಿನ ಬಾಟಲಿಗೂ ನಿಷೇಧವಿದೆ, ಹಾಗಾಗಿ ಉಪ್ಪಿನಕಾಯಿ ಪ್ಲಾಸ್ಟಿಕ್ ಡಬ್ಬಕ್ಕೆ ಬರಲೇಬೇಕು. ಅವಲಕ್ಕಿ, ಹುರಿದ ರವೆಯ ಉಪ್ಪಿಟ್ಟಿನ ಮಿಶ್ರಣ, ಚಟ್ನಿಪುಡಿ, ಮೊದಲ ದಿನಕ್ಕೆ ಚಪಾತಿ: ಸಸ್ಯಾಹಾರಿಗಳಾದ ನಮಗೆ ಇವುಗಳ ಮುಂದೆ ಅಂಗಡಿಯ ದುಬಾರಿ ಒಣ ಊಟದ ಪೊಟ್ಟಣಗಳು ಬೇಕೆನಿಸಲಿಲ್ಲ. ಬೆಂಕಿಗೆ ಆಗಾಗ ನಿರ್ಬಂಧ ಬೀಳುವುದರಿಂದ ಸಣ್ಣ ಗ್ಯಾಸ್ ಒಲೆ ಇರಲಿ. ಸರೋವರದ ನೀರು ಎಷ್ಟೇ ತಿಳಿಯಾಗಿ ಕಂಡರೂ ಫಿಲ್ಟರ್ ಮಾಡದೆ ಅಥವಾ ಕುದಿಸದೆ ಕುಡಿಯಬೇಡಿ.

ಕರಡಿಗಳಿರುವ ಕಾಡು ಇದು. ಆಹಾರವನ್ನು ನೆಲದಿಂದ 12 ಅಡಿ ಎತ್ತರದಲ್ಲಿ, ಮರದ ಕಾಂಡದಿಂದ 6 ಅಡಿ ದೂರದಲ್ಲಿ ತೂಗುಹಾಕಬೇಕು, ಇಲ್ಲವೇ ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬದಲ್ಲಿಡಬೇಕು. ಡಬ್ಬವನ್ನೇ ಒಯ್ಯಿರಿ ಎನ್ನಲು ಕಾರಣವಿದೆ: 2011ರಲ್ಲಿ ಸಿಡಿಲಿನಿಂದ ಹೊತ್ತಿಕೊಂಡ ಪಗಾಮಿ ಕ್ರೀಕ್ ಕಾಡ್ಗಿಚ್ಚು 90,000ಕ್ಕೂ ಹೆಚ್ಚು ಎಕರೆಯನ್ನು ಸುಟ್ಟಿತ್ತು. ಈ ದಾರಿಯಲ್ಲಿ ಮುಂದೆ ಹೋದಂತೆ ಹಲವು ಕಡೆ ಎಳೆಯ ಮರಗಳೇ ಇದ್ದು, ಹಗ್ಗ ಎಸೆಯಲು ತಕ್ಕ ಕೊಂಬೆ ಸಿಗುವುದು ಕಷ್ಟ. ಟೂತ್‌ಪೇಸ್ಟ್, ಸಾಬೂನು, ಕಸದ ಚೀಲವೂ ಆಹಾರದ ಜೊತೆಗೇ ಸೇರಬೇಕು.

ಜೂನ್‌ನಲ್ಲಿ ಸೊಳ್ಳೆ, ಕಪ್ಪುನೊಣಗಳ ಕಾಟ ವಿಪರೀತ. ಆಗಸ್ಟ್ ಕೊನೆಯ ಹೊತ್ತಿಗೆ ಅದು ಬಹಳಷ್ಟು ತಗ್ಗಿರುತ್ತದೆ, ನೀರೂ ಈಜಲು ಹಿತವಾಗಿರುತ್ತದೆ, ಆದರೆ ರಾತ್ರಿಗೆ ಬೆಚ್ಚನೆಯ ಉಡುಪು ಬೇಕೇ ಬೇಕು. ಹೊರಡುವ ಮುನ್ನ ನಿಮ್ಮ ದಾರಿಯನ್ನೂ ಮರಳುವ ದಿನವನ್ನೂ ಆಪ್ತರೊಬ್ಬರಿಗೆ ಬರೆದುಕೊಡಿ. ಗಾಳಿಗೆ ಸಿಕ್ಕಿ ಒಂದು ದಿನ ದಡದಲ್ಲೇ ಕಾಯಬೇಕಾಗಬಹುದೆಂದು ಅವರಿಗೆ ತಿಳಿಸಿ, ಆ ಒಂದು ದಿನಕ್ಕಾಗುವಷ್ಟು ಅವಲಕ್ಕಿಯನ್ನೂ ಕಚೇರಿಯ ರಜೆಯನ್ನೂ ಹೆಚ್ಚಾಗಿ ಇಟ್ಟುಕೊಳ್ಳಿ.